ನನ್ನ ಮಗಳನ್ನು ನನಗೇ ಒಪ್ಪಿಸಲು ಅನುಮತಿ ಕೋರಿ

ಜನನ, ಮರಣಗಳೆರಡನ್ನೂ ಒಂದೇ ಮೇಜಿನ ಹಿಂದೆ ಕೂತು ನಿಭಾಯಿಸುವ ಘನತೆವೆತ್ತ ನೋಂದಣಿ ಅಧಿಕಾರಿಗಳ ಸನ್ನಿಧಿಗೆ, ಶಾಲಾ ವ್ಯಾನ್ ಓಡಿಸಿಕೊಂಡಿರುವ ಬಡಪಾಯಿಯೊಬ್ಬನ ಅನಂತ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ತಲೆಯ ಮೇಲೆ ಕಿರುಗುಟ್ಟುತ್ತಿದ್ದ ಫ್ಯಾನು ಈಗ ಸುಮ್ಮನಾಗಿದೆಯೆಂದೂ ಭಾವಿಸುತ್ತೇನೆ. ಇತ್ತ ನಾನು ಕ್ಷೇಮ, ನನ್ನ ಮಗಳೂ ಕ್ಷೇಮ. 'ನನ್ನ ಮಗಳು' ಎಂದು ಬರೆದದ್ದಕ್ಕೆ ಕ್ಷಮೆಯಿರಲಿ, ಕೈತಪ್ಪಿ ಬಂತು. ತಮ್ಮ ದಾಖಲೆಯ ಪ್ರಕಾರ ಆಕೆ ನನ್ನ ಹೆಂಡತಿಗೂ ನನ್ನ ಹೆಂಡತಿಯ ಮೊದಲ ಗಂಡನಿಗೂ ಹುಟ್ಟಿದವಳು. ನಾನು ಅವಳ ಜೊತೆ ಒಂದೇ ಮನೆಯಲ್ಲಿ ಇರುವ, ಅವಳ ಮೂಗನ್ನೇ ಹೋಲುವ ಮೂಗು ಹೊತ್ತು ತಿರುಗುವ, ಯಾರೋ ಒಬ್ಬ.

ತಾವು ಪ್ರಕರಣವನ್ನು ಮರೆತಿರಲಿಕ್ಕಿಲ್ಲ. ಆದರೂ ಈ ಪತ್ರ ಓದುವ ಉಳಿದವರಿಗಾಗಿ ನಿವೇದಿಸುತ್ತೇನೆ. ನನ್ನ ಹೆಂಡತಿಯ ಮೊದಲ ಗಂಡ ಕನ್ನಡಕದ ಅಂಗಡಿ ಇಟ್ಟಿರುವ ಸಂಭಾವಿತರು, ಬೀದಿಗೆಲ್ಲ 'ಕನ್ನಡಕದಣ್ಣ'. ಅವರಿಬ್ಬರೂ ಒಂದು ಲೋಟವನ್ನೂ ಒಡೆಯದೆ ಬೇರೆಯಾಗಿ ಎಷ್ಟೋ ವರ್ಷಗಳ ಮೇಲೆ ನಾನೂ ಅವಳೂ ಜೊತೆಯಾದೆವು. ವಿಚ್ಛೇದನದ ಅರ್ಜಿ ನ್ಯಾಯಾಲಯದಲ್ಲಿ ಹಾಯಾಗಿ ಮಲಗಿತ್ತು. ಅದು ಎದ್ದು, ಮೈಮುರಿದು, ತೀರ್ಪಾಗಿ ಹೊರಬರುವ ಮೊದಲೇ ಮಗಳು ಅವಸರಪಟ್ಟು ಹುಟ್ಟಿಬಿಟ್ಟಳು. ಮದುವೆ ಊರ್ಜಿತವಾಗಿರುವಾಗ ಹುಟ್ಟಿದ ಮಗು ಗಂಡನದೇ ಎಂಬ ನಿಯಮದಂತೆ, ಆ ಹೊತ್ತಿಗೆ ಅಂಗಡಿಯಲ್ಲಿ ಯಾರದೋ ಕಣ್ಣಿಗೆ ಗಾಜು ಇಟ್ಟು ತೆಗೆದು ಮಾಡುತ್ತಿದ್ದ ಕನ್ನಡಕದಣ್ಣ ತಮಗೇ ಗೊತ್ತಿಲ್ಲದೆ ತಂದೆಯಾದರು. ಹೆರಿಗೆ ಕೋಣೆಯ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದ ನಾನು ಏನೂ ಆಗಲಿಲ್ಲ.

ತಿದ್ದುಪಡಿ ಕೋರಿ ತಮ್ಮಲ್ಲಿಗೆ ಬಂದಾಗ ರಕ್ತಪರೀಕ್ಷೆಯ ವರದಿಯನ್ನೂ ತಂದಿದ್ದೆ. ಅದರಲ್ಲಿ ನಾನೇ ತಂದೆಯಾಗಿರುವ ಸಾಧ್ಯತೆ ನೂರಕ್ಕೆ ತೊಂಬತ್ತೊಂಬತ್ತು ಚಿಲ್ಲರೆ ಎಂದಿತ್ತು. ತಾವು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಉಳಿದದ್ದು ಯಾರದು?' ಎಂದು ಕೇಳಿದಿರಿ. ಇಂಥ ಸೂಕ್ಷ್ಮ ಬುದ್ಧಿಯನ್ನು ನಾನು ಎಲ್ಲೂ ಕಂಡಿಲ್ಲ, ಮಾನ್ಯರೇ. ಮನೆಗೆ ಬಂದು ನಾನೂ ಹೆಂಡತಿಯೂ ಆ ಉಳಿದ ಚೂರನ್ನು ಮಗುವಿನ ಮೈಮೇಲೆಲ್ಲ ಹುಡುಕಿದೆವು. ಮಗಳು ಕಚಗುಳಿಯಾಗಿ ಕೇಕೆ ಹಾಕಿದಳೇ ಹೊರತು ಏನೂ ಸಿಗಲಿಲ್ಲ.

ಕನ್ನಡಕದಣ್ಣ ತಾವೇ ಬಂದು 'ಈ ಮಗು ನನ್ನದಲ್ಲ' ಎಂದು ಹೇಳಿದರೆ ಸಾಕು, ಆದರೆ ಅವರು ಮಗುವಿನೊಡನೆ ಎಂದೂ ತಂದೆಯಂತೆ ನಡೆದುಕೊಂಡಿರಬಾರದು ಎಂದು ತಾವು ದಾರಿ ತೋರಿಸಿದಿರಿ. ಪಾಪ, ಆ ಪುಣ್ಯಾತ್ಮರು ಅಂಗಡಿ ಮುಚ್ಚಿ ಓಡಿಬಂದರು. ಅಂದು ತಮ್ಮ ಪಡಸಾಲೆಯಲ್ಲಿ ಬೆಳಗಿನಿಂದ ಊಟದ ಹೊತ್ತಿನವರೆಗೆ ನಾವು ಕಾದೆವು. ನನ್ನ ಹೆಂಡತಿ ಜೆರಾಕ್ಸ್ ಮಾಡಿಸಲು ಹೋದಳು. ಕಾವಲುಗಾರರು ಬಂದು 'ವ್ಯಾನ್ ತೆಗೀರಿ, ಇದು ಸಾಹೇಬ್ರ ಜಾಗ' ಎಂದರು, ಹಾಗಾಗಿ ನಾನು ಕೆಳಗೆ ಹೋದೆ. ಅದೇ ಹೊತ್ತಿಗೆ ಮಗಳಿಗೆ ಶೀತವಾಗಿ ಮೂಗು ಸೋರತೊಡಗಿತು. ಪಕ್ಕದಲ್ಲಿದ್ದ ಕನ್ನಡಕದಣ್ಣ ಗಾಜು ಒರೆಸುವ ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸಿದರು. ಅವಳು ಅವರ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಆಗಲೇ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ತಾವು ಹೊರಬಂದಿರಿ.

ತಮ್ಮ ಆದೇಶ ನನಗೆ ಬಾಯಿಪಾಠವಾಗಿದೆ. 'ದಾಖಲೆಯಲ್ಲಿರುವ ತಂದೆಯು ಮಗುವಿನ ಮೂಗನ್ನು ಒರೆಸಿ, ಅದನ್ನು ಹೆಗಲ ಮೇಲೆ ಮಲಗಿಸಿಕೊಂಡಿದ್ದನ್ನು ಕಚೇರಿ ಖುದ್ದಾಗಿ ಗಮನಿಸಿದೆ. ಆ ವೇಳೆ ಅರ್ಜಿದಾರರು ಸ್ಥಳದಲ್ಲಿರಲಿಲ್ಲ. ಸದರಿ ನಡವಳಿಕೆಯಿಂದ ತಂದೆ ಯಾರೆಂಬುದು ಸ್ಪಷ್ಟವಾಗಿರುವುದರಿಂದ ಅರ್ಜಿ ವಜಾ.' ಎಂಥ ಮಾತು! ಎಂಥ ದೃಷ್ಟಿ! ಪ್ರಯೋಗಾಲಯದವರು ವಾರಗಟ್ಟಲೆ ತಿಣುಕಿ ಕಂಡುಹಿಡಿಯಲಾರದ್ದನ್ನು ತಾವು ಗಾಜು ಒರೆಸುವ ಒಂದು ಬಟ್ಟೆಯಿಂದ ಕಂಡುಹಿಡಿದಿರಿ. ಆದರೆ ಒಂದು ಸಣ್ಣ ಕೋರಿಕೆ. ತಮ್ಮ ಪಡಸಾಲೆಯಲ್ಲಿ ದಯವಿಟ್ಟು ಫಲಕವೊಂದನ್ನು ಹಾಕಿಸಿ: ಇಲ್ಲಿ ಮಕ್ಕಳ ಮೂಗು ಒರೆಸಿದವರು ತಂದೆಯಾಗುವ ಅಪಾಯವಿದೆ. ಆ ಕಾವಲುಗಾರರು ಅಂದು ಮಗಳಿಗೆ ಎರಡು ಬಿಸ್ಕತ್ತು ಕೊಟ್ಟಿದ್ದಾರೆ. ಅವರಿಗೆ ಈಗಾಗಲೇ ಮೂರು ಮಕ್ಕಳಿದ್ದು, ನಾಲ್ಕನೆಯದರ ವಿಷಯವನ್ನು ಅವರ ಮನೆಯವರಿಗೆ ತಾವೇ ಮೆಲ್ಲಗೆ ತಿಳಿಸಬೇಕೆಂದು ಪ್ರಾರ್ಥನೆ.

ಇನ್ನು ನನ್ನ ಕಷ್ಟಕ್ಕೆ ಬರುತ್ತೇನೆ. ಮಗಳು ಈ ವರ್ಷ ಶಾಲೆ ಸೇರಿದ್ದಾಳೆ, ನಾನು ಓಡಿಸುವ ವ್ಯಾನಿನಲ್ಲೇ ಓಡಾಡುತ್ತಾಳೆ. ಶಾಲೆಯ ನಿಯಮ ಬಹಳ ಒಳ್ಳೆಯದು: ಚಾಲಕನು ಪ್ರತಿ ಮಗುವನ್ನೂ ದಾಖಲೆಯಲ್ಲಿರುವ ತಂದೆ ಅಥವಾ ತಾಯಿಯ ಕೈಗೇ ಒಪ್ಪಿಸಬೇಕು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಸಂಜೆ ತಡವಾಗಿ ಬರುತ್ತಾಳೆ. ಎಲ್ಲ ಮಕ್ಕಳನ್ನೂ ಇಳಿಸಿ ಕೊನೆಗೆ ನಮ್ಮ ಮನೆಯ ಮುಂದೆ ವ್ಯಾನ್ ನಿಲ್ಲಿಸಿದರೆ, ಒಳಗೆ ನಾನು, ನನ್ನ ಮಗಳು, ಮತ್ತು ನಿಯಮ. ಚಾಲಕನಾದ ನಾನು ಅವಳನ್ನು ಯಾರೋ ಒಬ್ಬನಾದ ನನಗೆ ಒಪ್ಪಿಸುವಂತಿಲ್ಲ. ಒಂದು ದಿನ ನಾನು ಇಳಿದು, ವ್ಯಾನನ್ನು ಸುತ್ತಿ ಬಂದು, ಬಾಗಿಲ ಬಳಿ ತಂದೆಯ ಮುಖ ಮಾಡಿಕೊಂಡು ನಿಂತು, ನನ್ನ ಗುರುತನ್ನು ನಾನೇ ಗದರಿಸಿ ಕೇಳಿ, ದಾಖಲೆ ಸಾಲದೆಂದು ನನ್ನನ್ನೇ ವಾಪಸು ಕಳಿಸಿದೆ. ಮಗಳಿಗೆ ಈ ಆಟ ಎಷ್ಟು ಹಿಡಿಸಿತೆಂದರೆ, 'ಇನ್ನೊಂದ್ಸಲ ಅಪ್ಪಾ, ಇನ್ನೊಂದ್ಸಲ!' ಎಂದು ಸೀಟಿನ ಮೇಲೆ ಕುಣಿದಳು.

ಮುಖ್ಯೋಪಾಧ್ಯಾಯಿನಿಯವರಿಗೆ ಮಾತ್ರ ಹಿಡಿಸಲಿಲ್ಲ. ಹಾಗಾಗಿ ಈಗ ಕನ್ನಡಕದಣ್ಣ ಪ್ರತಿ ತಿಂಗಳೂ ಒಂದು ಚೀಟಿ ಬರೆದುಕೊಡುತ್ತಾರೆ: 'ನನ್ನ ಮಗಳನ್ನು ಈ ಚಾಲಕರು ಅವರ ಮನೆಗೆ ಕರೆದೊಯ್ಯಲು ಅಭ್ಯಂತರವಿಲ್ಲ.' ಬರೆಯುವಾಗ ಅವರು ನಾಚಿ ಕೆಂಪಾಗುತ್ತಾರೆ. ಅವರ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಮಗಳಿಗೆ ಗುಲಾಬಿ ಚೌಕಟ್ಟಿನ, ಗಾಜಿಲ್ಲದ ಕನ್ನಡಕವೊಂದನ್ನು ತಂದುಕೊಟ್ಟಿದ್ದಾರೆ, ಅವಳು ಅದನ್ನು ಹಾಕಿಕೊಂಡೇ ಮಲಗುತ್ತಾಳೆ. ಹೋದ ತಿಂಗಳು ಮಾತ್ರ ಶಾಲೆಯ ಗೇಟಿನಲ್ಲಿ ಹೊಸ ಆಯಾ ಚೀಟಿ ಓದಿ, ಎಲ್ಲರ ಮುಂದೆ 'ಪಾಪ, ಈ ಮಗೂಗೆ ಅಪ್ಪ ಬರೋದೇ ಇಲ್ವಲ್ಲ' ಎಂದರು. ದಿನವಿಡೀ ನಗುತ್ತಿರುವ ನನಗೆ ಆ ಹೊತ್ತು ನಗು ಬರಲಿಲ್ಲ, ಮಾನ್ಯರೇ. ಮಗಳು ನನ್ನ ಮುಖ ನೋಡಿದಳು, ಆಯಾಳ ಮುಖ ನೋಡಿದಳು, ನನ್ನ ಬೆರಳು ಹಿಡಿದುಕೊಂಡಳು.

ಆ ಸಂಜೆಯೇ ನಾನು ತಮ್ಮ ಮುಂದೆ ಬಂದು ಕೂಗಾಡಿದ್ದು. ತಾವು ಬೇಸರಿಸದೆ, ನೀರು ಕೊಟ್ಟು, ಕೊನೆಯ ದಾರಿಯೊಂದನ್ನು ಹೇಳಿದಿರಿ: 'ದತ್ತು ತಗೊಂಡ್ಬಿಡಿ.' ಆಹಾ! ತಂದೆಯಾದ ಕನ್ನಡಕದಣ್ಣ ಒಪ್ಪಿಗೆ ಕೊಟ್ಟರೆ, ಯಾರೋ ಒಬ್ಬನಾದ ನಾನು, ನನ್ನ ಮಗಳನ್ನು, ನನ್ನ ಮಗಳನ್ನಾಗಿ ಮಾಡಿಕೊಳ್ಳಬಹುದು. ಅರ್ಜಿ ಹಾಕಿದ್ದೇನೆ. ಪರಿಶೀಲನೆಗೆ ಬಂದಿದ್ದ ಅಧಿಕಾರಿಣಿಯವರು ಮಂಚದ ಉದ್ದ ಅಳೆದರು, ಕಿಟಕಿಗೆ ಸರಳಿದೆಯೇ ಎಂದು ನೋಡಿದರು, ಮಗುವನ್ನು ಪಕ್ಕಕ್ಕೆ ಕರೆದು 'ಈ ಮನೆಗೆ ಬಂದಿರೋಕೆ ನಿನಗೆ ಇಷ್ಟಾನಾ ಪುಟ್ಟಾ?' ಎಂದು ಕೇಳಿದರು. ಅವಳು ಗಾಜಿಲ್ಲದ ಕನ್ನಡಕ ಸರಿಪಡಿಸಿಕೊಂಡು, 'ನೀವು ಯಾವಾಗ ನಿಮ್ಮನೆಗೆ ಹೋಗ್ತೀರಿ?' ಎಂದಳು.

ಇಷ್ಟಾದ ಮೇಲೂ ಅರ್ಜಿಯ ಒಂದು ಪ್ರಶ್ನೆ ಖಾಲಿ ಉಳಿದಿದೆ, ತಮ್ಮ ಸಹಾಯ ಬೇಕು. 'ಅನಾಥಾಲಯಗಳಲ್ಲಿ ಅನೇಕ ಮಕ್ಕಳಿರುವಾಗ ಇದೇ ಮಗುವನ್ನು ಕೋರಲು ವಿಶೇಷ ಕಾರಣವೇನು?' ಎಂದು ಕೇಳಿದ್ದಾರೆ. ಬರೆಯಲು ಎರಡೇ ಸಾಲಿನ ಜಾಗ ಬಿಟ್ಟಿದ್ದಾರೆ. ಹುಟ್ಟಿದ ಗಳಿಗೆಯಲ್ಲಿ ನರ್ಸಮ್ಮ ಬಟ್ಟೆ ಸುತ್ತಿದ ಮಗುವನ್ನು ಹೊರತಂದು 'ಅಪ್ಪ ಯಾರು?' ಎಂದು ಕೂಗಿದಾಗ, ಯಾವ ದಾಖಲೆಯನ್ನೂ ಕೇಳದೆ ಕೈ ಚಾಚಿದವನು ನಾನೊಬ್ಬನೇ. ಅಷ್ಟು ಬರೆದರೆ ಸಾಕಾಗುತ್ತದೆಯೇ, ಮಾನ್ಯರೇ?

ಉತ್ತರ ಬರುವವರೆಗೂ ಯಾರೋ ಒಬ್ಬನಾಗಿಯೇ ಉಳಿಯುವ,
ತಮ್ಮ ವಿಶ್ವಾಸಿ,
ವ್ಯಾನ್ ಚಾಲಕ

ಮರೆತ ಮಾತು: ನನ್ನ ಹೆಂಡತಿ ಮತ್ತೆ ಬಸುರಿ. ಈಗ ವಿಚ್ಛೇದನದ ತೀರ್ಪೂ ಬಂದು, ನಮ್ಮ ಮದುವೆ ತಮ್ಮ ಕಚೇರಿಯಲ್ಲೇ ನೋಂದಣಿಯಾಗಿರುವುದರಿಂದ ಈ ಸಲ ರಕ್ತಪರೀಕ್ಷೆ, ಸಾಕ್ಷಿ, ವಿಚಾರಣೆ ಯಾವುದೂ ಬೇಡವೆಂದು ತಮ್ಮ ಗುಮಾಸ್ತರು ಭರವಸೆ ಕೊಟ್ಟಿದ್ದಾರೆ. ಅಂದರೆ ಮಗು ಹುಟ್ಟುವಾಗ ತಮ್ಮ ಮುಖವನ್ನೇ ಹೊತ್ತು, ತಮ್ಮ ಮೀಸೆಯನ್ನೇ ತಿರುವುತ್ತ ಬಂದರೂ ದಾಖಲೆಯಲ್ಲಿ ತಂದೆ ನಾನೇ. ತಾವು ನಿಶ್ಚಿಂತೆಯಿಂದಿರಿ.