ಹೆಬ್ಬೆರಳಿಗೆ ಬಂದ ಕೀರ್ತಿ

ಮನೆಯಲ್ಲಿ ಅತ್ತೆ ಇರುವಾಗ ಅಳಿಯನಾದವನು ಕಾಯಿಲೆ ಬೀಳಬಾರದು. ಬಿದ್ದರೂ ಬಾಯಿ ಬಿಡಬಾರದು. ನಾನು ಎರಡನ್ನೂ ಮಾಡಿದೆ.

ಹೊಸ ಬೂಟು ಕಚ್ಚಿ ನನ್ನ ಬಲಗಾಲಿನ ಹೆಬ್ಬೆರಳು ಕೀವು ಕಟ್ಟಿಕೊಂಡು ಟೊಮೇಟೊ ಆಗಿತ್ತು. ಸಂಜೆ ಮನೆಗೆ ಬಂದವನು ಹೊಸಿಲ ಬಳಿಯೇ "ಅಯ್ಯೋ" ಎಂದೆ. ಒಳಗೆ ಆಗಲೇ ಒರಳಿನ ಸದ್ದು! ಬೇವಿನೆಲೆ, ಅರಿಶಿನ ಸೇರಿಸಿ ಅರೆದ ಮುದ್ದೆ ಹಿಡಿದು ಅತ್ತೆ ಪ್ರತ್ಯಕ್ಷರಾದರು.

"ಕಾಲು ಚಾಚಿ ಅಳಿಯಂದ್ರೇ."

"ಬೇಡಿ ಅತ್ತೆ, ಅಂಗಡಿಯಿಂದ ಮುಲಾಮು ತರ್ತೀನಿ."

"ತನ್ನಿ, ಯಾರು ಬೇಡ ಅಂದ್ರು? ಅಲ್ಲೀತನಕ ಇದಿರ್ಲಿ."

ಆ 'ಅಲ್ಲೀತನಕ' ಮುಗಿಯಲೇ ಇಲ್ಲ. (ನನ್ನ ಕಾಲು ಹಸಿರು, ಹಾಸಿಗೆ ಹಳದಿ, ಅದನ್ನು ಒಗೆಯುವ ಹೆಂಡತಿಯ ಮುಖ ಕೆಂಪು. ಮನೆಯೆಂಬುದು ಟ್ರಾಫಿಕ್ ಸಿಗ್ನಲ್ ಆಗಿತ್ತು.)

ನನ್ನ ಹೆಂಡತಿಯ ಕೆಲಸ ಪ್ರಯೋಗಾಲಯದಲ್ಲಿ. ಔಷಧಿ ಗಿಡಗಳಲ್ಲಿರುವ ಯಾವ ಅಂಶ ಯಾವ ಸೂಕ್ಷ್ಮಜೀವಿಯನ್ನು ಕೊಲ್ಲುತ್ತದೆಂದು ಪರೀಕ್ಷಿಸುವುದು ಅವಳ ಕಸುಬು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಅವಳು ಕ್ರಿಮಿ ಹುಡುಕುತ್ತಾಳೆ, ನಾನು ಕಾಗುಣಿತದ ತಪ್ಪು ಹುಡುಕುತ್ತೇನೆ. ಹೀಗಿರಲು ನನಗೊಂದು ದಿವ್ಯ ಆಲೋಚನೆ ಹೊಳೆಯಿತು: ಅತ್ತೆಯ ಔಷಧಿಯನ್ನು ಅವರ ಮಗಳ ಕೈಯಿಂದಲೇ ಸೋಲಿಸುವುದು!

"ಲೇ, ನಿಮ್ಮಮ್ಮನ ಮುದ್ದೇನ ನಿನ್ನ ಲ್ಯಾಬಲ್ಲಿ ಪರೀಕ್ಷೆ ಮಾಡು. ಜೊತೆಗೆ ನಂದೂ ಒಂದು ಔಷಧಿ ಕೊಡ್ತೀನಿ."

"ನಿಮ್ದಾ? ನೀವ್ಯಾವಾಗ ವೈದ್ಯರಾದ್ರಿ?"

"ಮಾಡ್ಲಿ ಬಿಡೇ," ಎಂದರು ಅತ್ತೆ, ಒಳಗಿನಿಂದಲೇ. "ಅವರಿಗೂ ಸಮಾಧಾನ ಆಗ್ಲಿ."

ನನ್ನ ಸಂಶೋಧನೆ ಸರಳವಾಗಿತ್ತು. ಬೇಲಿಯ ಮೇಲಿನ ಹೆಸರು ಗೊತ್ತಿಲ್ಲದ ಬಳ್ಳಿಯ ಎಲೆ, ಅಂಟಿಗೆ ಒಂದಿಷ್ಟು ಹಿಟ್ಟು, ಗಾಯಕ್ಕೆ ಉರಿಯಾಗದಿರಲೆಂದು ಎರಡು ಚಮಚ ಸಕ್ಕರೆ. ಹೆಂಡತಿ ಎರಡೂ ಮುದ್ದೆಗಳನ್ನು ಪುಟ್ಟ ಬಾಟಲಿಗಳಿಗೆ ತುಂಬಿಕೊಂಡಳು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ನನ್ನ ಹೆಬ್ಬೆರಳಿನ ಕೀವು ಒರೆಸಿಕೊಂಡಳು.

"ಇದ್ಯಾಕೆ?"

"ಕ್ರಿಮಿ ಬೇಕಲ್ಲ? ನಿಮ್ದೇ ಇರ್ಲಿ. ತಟ್ಟೆ ತುಂಬ ಇದನ್ನ ಬೆಳೆಸಿ, ಔಷಧಿಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡ್ತೀವಿ. ಬಿಲ್ಲೆ ಸುತ್ತ ಏನಾಗುತ್ತೆ ಅಂತ ನೋಡ್ತೀವಿ."

ಕಾಗದ ಎಂದ ಮೇಲೆ ನನ್ನದೇ ಕ್ಷೇತ್ರ. ಏನಾಗಬೇಕೆಂದು ನಾನು ಕೇಳಲಿಲ್ಲ.

ಕೆಲವು ದಿನಗಳಾದ ಮೇಲೆ ಮೊಬೈಲಿಗೆ ಫೋಟೊ ಬಂತು. ಕೆಳಗೆ ಒಂದೇ ಸಾಲು: 'ಎಡಗಡೆ ಅಮ್ಮಂದು, ಬಲಗಡೆ ನಿಮ್ದು.' ಅತ್ತೆಯ ಬಿಲ್ಲೆಯ ಸುತ್ತ ದುಂಡಗೆ ಖಾಲಿ ಜಾಗ. ನನ್ನ ಬಿಲ್ಲೆಯ ಸುತ್ತಲೋ ಅಂಚಿನವರೆಗೂ ದಟ್ಟವಾದ ಸಮೃದ್ಧಿ! ಅಚ್ಚುಕೂಟದಲ್ಲಿ ಹಾಳೆಯ ನಡುವೆ ಬಿಳಿ ಕಲೆ ಬಿದ್ದರೆ ಆ ಹಾಳೆ ರದ್ದಿಗೆ. ಇಷ್ಟು ಸರಳ ಸಂಗತಿ ಯಾರಿಗೆ ತಿಳಿಯದು?

"ನೋಡಿ ಅತ್ತೆ! ನಿಮ್ದು ಬರೀ ಖಾಲಿ. ನಂದು ಹೇಗೆ ತುಂಬಿ ತುಳುಕ್ತಿದೆ!"

ಅತ್ತೆ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಹಾಗಾದ್ರೆ ಇಷ್ಟು ವರ್ಷ ಮಕ್ಕಳಿಗೆಲ್ಲ ಹಚ್ಚಿದ್ದು ಸುಮ್ನೇನಾ?"

ಜಗಳವಾಡಿದ್ದರೆ ಚೆನ್ನಾಗಿತ್ತು. ಅವರು ಸುಮ್ಮನೆ ಒರಳು ತೊಳೆದು ಮೂಲೆಗೆ ಸರಿಸಿದರು. ಬಟ್ಟೆ ಮಡಚಿ ಚೀಲಕ್ಕೆ ತುಂಬಿ, "ಚಿಕ್ಕವಳ ಮನೇಲಿ ಸ್ವಲ್ಪ ದಿನ ಇರ್ತೀನಿ" ಎಂದು ಹೊರಟೇಬಿಟ್ಟರು. ಗೆದ್ದವನಿಗೆ ಆಗಬೇಕಾದ ಖುಷಿ ನನಗೇಕೋ ಆಗಲಿಲ್ಲ. ಬೇಸರ ಕಳೆಯಲು ನನ್ನ ಔಷಧಿಯನ್ನೇ ಹೆಬ್ಬೆರಳಿಗೆ ಧಾರಾಳವಾಗಿ ಮೆತ್ತಿಕೊಂಡೆ. ಸಂಜೆಯ ಹೊತ್ತಿಗೆ ಟೊಮೇಟೊ ಬದನೆಕಾಯಿಯಾಯಿತು.

ಹೆಂಡತಿ ಬಂದಳು. "ಅಮ್ಮ ಎಲ್ಲಿ?"

ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು.

"ರೀ! ಖಾಲಿ ಅಂದ್ರೆ ಅಲ್ಲಿ ಕ್ರಿಮಿ ಸತ್ತಿದೆ ಅಂತ! ತುಂಬಿದೆ ಅಂದ್ರೆ ಅವಕ್ಕೆ ನೀವು ಔತಣ ಹಾಕಿದ್ದೀರಿ ಅಂತ!"

"ಅಂದ್ರೆ ಅತ್ತೆ ಗೆದ್ರಾ?"

"ತಟ್ಟೇಲಿ ಗೆದ್ರು. ಕಾಲಲ್ಲಿ ಗೆಲ್ತಾರೆ ಅಂತ ಹೇಳೋಕಾಗಲ್ಲ. ಕುದಿಯೋ ನೀರು ಸುರಿದ್ರೂ ತಟ್ಟೇಲಿ ಕ್ರಿಮಿ ಸಾಯುತ್ತೆ. ಕಾಲಿಗೆ ಸುರೀಲಾ?"

"ಹಾಗಾದ್ರೆ ಸೋತ್ರಾ?"

"ಸೋತಿಲ್ಲ!"

"ಗೆದ್ದಿಲ್ಲ, ಸೋತಿಲ್ಲ... ಮತ್ತೆ?"

"ಮತ್ತೇನು? ಎದ್ದು ಡಾಕ್ಟ್ರ ಹತ್ರ ನಡೀರಿ!"

ಡಾಕ್ಟರು ಕೀವು ತೆಗೆದು, ಮಾತ್ರೆ ಬರೆದು, ಸಕ್ಕರೆಯ ವಿಷಯ ಕೇಳಿ ನರ್ಸನ್ನೂ ಕರೆದು ಇನ್ನೊಮ್ಮೆ ಹೇಳಿಸಿದರು. ಕಟ್ಟು ಕಟ್ಟಿದ ಕಾಲೆಳೆಯುತ್ತ ನಾನು ನೇರ ನಾದಿನಿಯ ಮನೆಗೆ ಹೋದೆ.

"ಅತ್ತೆ, ಅದೇನಂದ್ರೆ, ಖಾಲಿ ಇದ್ರೆ ಗೆದ್ದ ಹಾಗಂತೆ, ತುಂಬಿದ್ರೆ ಸೋತ ಹಾಗಂತೆ. ಆದ್ರೆ ತಟ್ಟೇಲಿ ಗೆದ್ರೆ ಕಾಲಲ್ಲಿ ಗೆದ್ದ ಹಾಗಲ್ವಂತೆ..."

ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. "ಜ್ವರ ಬಂದಿದ್ಯಾ?"

"ಇಲ್ಲ ಅತ್ತೆ. ನಾನು ಫೋಟೊ ತಲೆಕೆಳಗಾಗಿ ಓದ್ದೆ. ನಿಮ್ಮ ಬೇವು ಸುಮ್ನೆ ಅಲ್ಲ. ಮನೆಗೆ ಬನ್ನಿ. ನೀವಿಲ್ದೆ ಮನೆ ಬಿಕೋ ಅಂತಿದೆ."

"ಖಾಲಿ ಇದ್ರೆ ಒಳ್ಳೇದು ಅಂದ್ರಲ್ಲ?" ಎಂದರು ಅತ್ತೆ. ಅವರು ನಕ್ಕು ಚೀಲ ಎತ್ತಿಕೊಂಡರು.

ಮಾತ್ರೆ ಮುಗಿಯಿತು, ಬೆರಳು ಬೆರಳಾಯಿತು. ಒಂದು ಸಂಜೆ ಹೆಂಡತಿ ಅರಳಿದ ಮುಖದಿಂದ ಬಂದಳು.

"ರೀ, ನಮ್ಮ ಮೇಡಂ ನಿಮ್ಮನ್ನ ಬಾಯ್ತುಂಬ ಹೊಗಳಿದ್ರು!"

ಮದುವೆಯಾದಂದಿನಿಂದ ಇಂಥ ಮಾತು ಕೇಳಿರಲಿಲ್ಲ. ಎದ್ದು ಕುಳಿತೆ. "ಏನಂತೆ?"

"ನಿಮ್ಮ ಕಾಲಿನ ಕ್ರಿಮಿ ಇದ್ಯಲ್ಲ, ಲ್ಯಾಬಲ್ಲಿರೋ ಯಾವ ಗಿಡದ ರಸಕ್ಕೂ ಬಗ್ತಿಲ್ಲ. ಅಮ್ಮನ ಮುದ್ದೆ ಒಂದಕ್ಕೇ ಹೆದರಿದ್ದು. ಇಷ್ಟು ಗಟ್ಟಿ ಕ್ರಿಮೀನ ಎಷ್ಟು ಚೆನ್ನಾಗಿ ಸಾಕಿದ್ದಾರೆ ನಿಮ್ಮೆಜಮಾನ್ರು ಅಂದ್ರು! ಫ್ರಿಜ್ಜಲ್ಲಿ ಜೋಪಾನವಾಗಿ ಇಟ್ಟಿದ್ದೀವಿ. ಇನ್ಮೇಲೆ ಬರೋ ಗಿಡಕ್ಕೆಲ್ಲ ಅದರ ಮೇಲೇ ಪರೀಕ್ಷೆ."

ನಾನು ಅತ್ತೆಯ ಮುಖ ನೋಡಿದೆ. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, ಹೆಮ್ಮೆಯಿಂದ ಮಗಳ ಕಡೆ ತಿರುಗಿದರು.

"ಹೆಣ್ಣು ಕೊಡೋವಾಗ್ಲೇ ನಾನು ಹೇಳಿರ್ಲಿಲ್ವೇನೇ, ಈ ಹುಡುಗನಲ್ಲಿ ಏನೋ ಇದೆ ಅಂತ?"