ಚಿಗುರುಮೀಸೆಯ ಸಂದರ್ಶನ

ಎಲ್ಲಕ್ಕೂ ಕಾರಣ ಆ ಮೀಸೆ. ಮೀಸೆ ಅಂದರೆ ತೀರಾ ದೊಡ್ಡ ಮಾತಾಯಿತು. ತುಟಿಯ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ಗೀಚಿ ಅಳಿಸೋದು ಮರೆತಹಾಗಿತ್ತು. ಆದರೂ ಅದನ್ನು ಅಷ್ಟಾದರೂ ಬೆಳೆಸಲು ಪಟ್ಟ ಪಾಡು ಅವನಿಗೇ ಗೊತ್ತು. ಕಾಲೇಜಿನಲ್ಲಿ ಅವನ ನಿಜವಾದ ಹೆಸರನ್ನು ಎಲ್ಲರೂ ಮರೆತು ಚಿಗುರುಮೀಸೆ ಎಂದೇ ಕೂಗುತ್ತಿದ್ದರು. ಅವರು ಗೇಲಿ ಮಾಡುತ್ತಿದ್ದರು, ಇವನು ಹೊಗಳಿಕೆ ಅಂದುಕೊಂಡಿದ್ದ.

ಅಂದು ಸಂಜೆ ನಾಲ್ಕಕ್ಕೆ ಅವನ ಪ್ರಾಜೆಕ್ಟು ಮೇಷ್ಟ್ರ ಮೇಜಿನ ಮೇಲಿರಬೇಕಿತ್ತು. ಊರಿನ ಒಬ್ಬ ಕಲಾವಿದರನ್ನು ಹಿಡಿದು, ಅವರ ದುಡಿಮೆಯ ಬದುಕನ್ನು ಅವರ ಬಾಯಲ್ಲೇ ಕೇಳಿ ರೆಕಾರ್ಡ್ ಮಾಡಿ ತರಬೇಕು, ಅಷ್ಟೇ. ಇವನಿಗೆ ಸಿಕ್ಕ ಪಿಟೀಲು ವಿದ್ವಾಂಸರು ಪ್ರತಿ ಪ್ರಶ್ನೆಗೂ ಪಿಟೀಲಿನಲ್ಲೇ ಉತ್ತರ ಕೊಟ್ಟರು. ಚಿತ್ರಕಾರರು ಬಾಗಿಲನ್ನೇ ತೆಗೆಯಲಿಲ್ಲ.

ಪ್ರಾಜೆಕ್ಟು ಇಲ್ಲ ಅಂದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲ ಅಂದರೆ ಭಾವನ ಟೈರ್ ಅಂಗಡಿ! ಆ ರಬ್ಬರ್ ವಾಸನೆ ನೆನೆಸಿಕೊಂಡರೇ ಅವನು ಮೂಗು ಮುಚ್ಚಿಕೊಳ್ಳುತ್ತಿದ್ದ. ಬೆಳಿಗ್ಗೆ ತಾನೇ ಭಾವ ಶೂ ಕಟ್ಟಿಕೊಳ್ಳುತ್ತಾ ಹೇಳಿದ್ದರು. "ನೋಡಯ್ಯಾ, ಅಂಗಡಿ ಮುಂದೆ ನಿಂತು ಜನಾನ ಕರೆಯೋ ಕೆಲಸ. ಎಷ್ಟು ಸಲ ಕರೆದ್ರೂ ಮೂಗು ಮುರೀತೀಯ. ಇರ್ಲಿ, ಸದ್ಯಕ್ಕೆ ಬೇರೆ ಏರ್ಪಾಡು ಮಾಡಿದೀನಿ. ಆದ್ರೆ ಫೇಲಾಗಿ ಮನೇಲಿ ಕೂತ್ಯೋ, ಕಿವಿ ಹಿಡಿದು ಎಳ್ಕೊಂಡು ಹೋಗಿ ನಿಲ್ಲಿಸ್ತೀನಿ."

"ಸತ್ರೂ ನಿಲ್ಲಲ್ಲ" ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಬಾಯಿಬಿಟ್ಟು ಅನ್ನುವ ಧೈರ್ಯ ಇದ್ದಿದ್ದರೆ ಈ ಕತೆಯೇ ಬೇರೆ ಆಗುತ್ತಿತ್ತು.

ಉಳಿದಿದ್ದವಳು ಬೊಂಬೆಯಮ್ಮ ಒಬ್ಬಳೇ. ಅಂಗಡಿಗಳ ಮುಂದೆ ನಿಲ್ಲಿಸುವ ಬೊಂಬೆ ಮಾಡುವವಳು. ಮಧ್ಯಾಹ್ನ ಅವಳ ಶೆಡ್ಡಿಗೆ ನುಗ್ಗಿದಾಗ ಅಲ್ಲಿ ಆಳೆತ್ತರದ ಒಂದು ಹಲ್ಲು, ಕಾಲು ಮೂಡಿದ ಕಿತ್ತಳೆ ಹಣ್ಣು, ಅರ್ಧ ಕುದುರೆ ಇದ್ದವು. ಮೂಲೆಯಲ್ಲಿ ತಲೆಯಿಲ್ಲದ ಒಂದು ದೇಹ ಎರಡೂ ಕೈ ಮೇಲೆತ್ತಿ ಏನನ್ನೋ ಹಿಡಿಯಲು ಕಾಯುತ್ತಿತ್ತು. ಯಾವುದೋ ನರ್ತಕನಿರಬೇಕು ಅಂದುಕೊಂಡ ಚಿಗುರುಮೀಸೆ.

"ಸಂದರ್ಶನಾನಾ? ನನಗೆ ಸಾಯೋಕೂ ಪುರುಸೊತ್ತಿಲ್ಲ" ಎಂದಳು ಬೊಂಬೆಯಮ್ಮ. "ನಾಳೆ ಆ ಮೂಲೇಲಿರೋ ಬೊಂಬೆ ಒಯ್ಯೋಕೆ ಬರ್ತಾರೆ. ಅಚ್ಚು ತೆಗೆಯೋಕೆ ಮುಖ ಕೊಡ್ತೀನಿ ಅಂದಿದ್ದ ಹುಡುಗ ಕೈಕೊಟ್ಟ."

"ಅಮ್ಮಾ, ದಮ್ಮಯ್ಯ! ನಾಲ್ಕು ಗಂಟೆಗೆ ಕೊಡ್ದಿದ್ರೆ ನನ್ನ ಕತೆ ಮುಗೀತು."

ಅವಳು ತರಕಾರಿ ಆರಿಸುವವಳ ಹಾಗೆ ಅವನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಮುಖ ಏನೋ ಪರವಾಗಿಲ್ಲ. ನೀನು ಮುಖ ಕೊಡು, ನಾನು ಮಾತಾಡ್ತೀನಿ. ಮೀಸೆ ಮಾತ್ರ ಬೋಳಿಸ್ಕೊಂಡು ಬಾ."

"ಅದೊಂದು ಆಗಲ್ಲಮ್ಮಾ!"

"ಹಾಗಾದ್ರೆ ತಗೋ, ವ್ಯಾಸಲೀನು. ಮುಖಕ್ಕೆಲ್ಲ ಬಳ್ಕೋ, ಮೀಸೆಗೆ ದಪ್ಪಗೆ ಮೆತ್ತು. ಇಲ್ದಿದ್ರೆ ಪ್ಲಾಸ್ಟರು ಕಚ್ಕೊಳ್ಳತ್ತೆ."

ಬಳಿದುಕೊಂಡ. ಗೋಡೆಯ ಕನ್ನಡಿಯಲ್ಲಿ ನೋಡಿದರೆ ಮೀಸೆ ಅಂಟಿಕೊಂಡು ಇಲ್ಲವೇ ಇಲ್ಲವೆನ್ನುವಂತಾಗಿತ್ತು. ಬೊಂಬೆಯಲ್ಲಿ ಮೀಸೆ ಕಾಣದೆ ಹೋದರೆ? ಅವಳು ಆ ಕಡೆ ತಿರುಗಿದಾಗ ಅಂಗಿಯ ತೋಳಿನಿಂದ ಮೆಲ್ಲಗೆ ಒರೆಸಿ, ಬೆರಳಿಂದ ನೇರ್ಪು ಮಾಡಿಕೊಂಡ. ಫೋನಿನ ರೆಕಾರ್ಡರ್ ಒತ್ತಿ ಸ್ಟೂಲಿನ ಮೇಲಿಟ್ಟು ಮಲಗಿದ. ಮೂಗಿಗೆ ಎರಡು ಸ್ಟ್ರಾ, ಕಣ್ಣು ಬಾಯಿ ಮೇಲೆ ತಣ್ಣನೆ ಪ್ಲಾಸ್ಟರು.

ಬೊಂಬೆಯಮ್ಮ ಮಾತಿಗೆ ಶುರುಮಾಡಿದಳು ನೋಡಿ, ಅಬ್ಬಬ್ಬಾ! "ಬಾಯಿ ಇರೋರ ಹತ್ರ ನಾನು ಮಾತಾಡಲ್ಲಪ್ಪ, ಮಧ್ಯೆ ಬಾಯಿ ಹಾಕ್ತಾರೆ. ಈಗ ಕೇಳು. ಆ ಜ್ಯೂಸಿನ ಅಂಗಡಿ ಮುಂದಿರೋ ಕಿತ್ತಳೆ ಹಣ್ಣಿನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸ್ಕೊಳ್ಳದವರು ಈ ಊರಲ್ಲಿ ಯಾರಿದಾರೆ? ಮಾಡಿದವಳು ಯಾರು ಅಂತ ಒಬ್ರಾದ್ರೂ ಕೇಳಿದಾರಾ? ಮೊನ್ನೆ ಅದರ ಪಕ್ಕ ನಾನೇ ನಿಂತಿದ್ದೆ. 'ಸ್ವಲ್ಪ ಸರೀರಿ, ಫೋಟೊದಲ್ಲಿ ಅಡ್ಡ ಬರ್ತೀರಿ' ಅಂದ್ರು." ಪ್ಲಾಸ್ಟರಿನೊಳಗೆ ಚಿಗುರುಮೀಸೆಗೆ ಅಯ್ಯೋ ಅನಿಸಿತು, ಹಿಂದೆಯೇ ಇಂಥ ಮಾತಿಗೆ ಮೇಷ್ಟ್ರು ಒಳ್ಳೇ ಅಂಕ ಕೊಡುತ್ತಾರೆ ಅಂತಲೂ ಅನಿಸಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೊಂಬೆಯಮ್ಮನ ಕೈ ಪೂರಾ ಪ್ಲಾಸ್ಟರು. ಏನು ನಡೀತಿದೆ ಅಂತ ನೋಡಲು ಇಳಿದು ಬಂದಿದ್ದ ಮಹಡಿ ಮನೆ ಆಂಟಿ ಫೋನೆತ್ತಿದರು.

"ಯಾರು, ಮೇಷ್ಟ್ರಾ? ಅಯ್ಯೋ, ಹುಡುಗ ಮಾತಾಡೋ ಸ್ಥಿತೀಲಿಲ್ಲ ಸಾರ್. ಮುಖ ಪೂರ್ತಿ ಮುಚ್ಚಿದಾರೆ. ಉಸಿರು ಅದೇನೋ ನಳಿಕೇಲಿ ಆಡ್ತಾ ಇದೆ."

"ಊಂ! ಊಂ!" ಎಂದ ಚಿಗುರುಮೀಸೆ.

"ನರಳ್ತಾ ಇದಾನೆ ಸಾರ್ ಪಾಪ." ಆಂಟಿ ಫೋನಿಟ್ಟು ಸುದ್ದಿ ಹೇಳಿದರು. "ಹೋದ ಸಲ ಇವನ ಅಜ್ಜಿ ಎರಡು ಸಲ ತೀರ್ಕೊಂಡಿದ್ರಂತೆ. ಈ ನಾಟಕ ಎಲ್ಲ ಬೇಡ, ನಾಲ್ಕಕ್ಕೆ ಬರ್ದಿದ್ರೆ ಹೆಸರು ಹೊಡೆದು ಹಾಕ್ತೀನಿ ಅಂದ್ರು."

ಹೊಡೆದು ಹಾಕುವುದೆಂದರೆ ಟೈರ್ ಅಂಗಡಿ! ಅವನು ಕೈಯಾಡಿಸಿ ತೆಗೀರಿ ತೆಗೀರಿ ಎಂದು ಸನ್ನೆ ಮಾಡಿದ. ಬೊಂಬೆಯಮ್ಮ ಅಂಚು ಹಿಡಿದು ಎತ್ತಿದಳು. ಹಣೆ ಬಿಟ್ಟಿತು, ಕೆನ್ನೆ ಬಿಟ್ಟಿತು. ತುಟಿಯ ಹತ್ತಿರ ಬಂದಾಗ ಅವನ ಪ್ರಾಣವೇ ಹಿಡಿದೆಳೆದ ಹಾಗಾಯಿತು.

"ಒರೆಸ್ಕೊಂಡ್ಯಾ? ಎಲಾ ಮುಂಡೇದೆ! ಮೀಸೆ ಕಚ್ಕೊಂಡಿದೆ!"

"ಬಿಸಿನೀರು ಹುಯ್ಯಿರಿ" ಎಂದರು ಆಂಟಿ. "ಬೇಡ, ಎಣ್ಣೆ. ಬೇಡ ಬೇಡ, ಕತ್ತರಿ ಎಲ್ಲಿ?"

"ಅದೆಲ್ಲ ಯಾಕ್ರಮ್ಮ?" ಬಾಗಿಲ ಕಡೆಯಿಂದ ಎದುರು ಅಂಗಡಿಯ ಇಸ್ತ್ರಿಯವನ ದನಿ. "ಅಂಟಿರೋದು ಶಾಖಕ್ಕೆ ಬಿಡ್ಲೇಬೇಕು. ಪೆಟ್ಟಿಗೆ ಕಾದಿದೆ, ತಂದೇಬಿಟ್ಟೆ."

ಚಿಗುರುಮೀಸೆಗೆ ಏನೂ ಕಾಣುತ್ತಿರಲಿಲ್ಲ. ಹೆಜ್ಜೆ ಸಪ್ಪಳ ಹತ್ತಿರ ಬಂತು. ಕೆಂಡದ ಕಾವು ಕಿವಿಯ ಪಕ್ಕಕ್ಕೇ ಬಂತು. "ಅಲ್ಲಾಡ್ಬೇಡಿ ಸಾರ್, ಒಂದೇ ಎಳೆತ" ಎಂದ ಇಸ್ತ್ರಿಯವನು. ಅಂಗಿಗೂ ಮುಖಕ್ಕೂ ವ್ಯತ್ಯಾಸ ಕಾಣದವನ ನೆಮ್ಮದಿ ಅವನ ದನಿಯಲ್ಲಿತ್ತು.

ಚಿಗುರುಮೀಸೆ ಚಂಗನೆ ಎದ್ದ. ಬೊಂಬೆಯಮ್ಮ ಹಿಡಿತ ಬಿಡಲಿಲ್ಲ. ಪರ್ ಎಂದು ಸದ್ದಾಯಿತು. ಅಚ್ಚು ಅವಳ ಕೈಯಲ್ಲಿ ಉಳಿಯಿತು, ಮೀಸೆ ಅಚ್ಚಿನಲ್ಲಿ ಉಳಿಯಿತು. ಅವನು ಫೋನು ಕಿತ್ತುಕೊಂಡು ಕೂಗುತ್ತಲೇ ರಸ್ತೆಗೆ ಹಾರಿದ.

ಓಡುತ್ತಾ ನೋಡಿಕೊಂಡ. ಕರೆ ಬರುವವರೆಗಿನ ರೆಕಾರ್ಡು ಹಾಗೇ ಇತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹೋದರು. ಕಾಲೇಜಿನ ಗೇಟಿನಲ್ಲಿ ಕಾವಲುಗಾರ ತಡೆದು, ಗುರುತಿನ ಚೀಟಿ ನೋಡಿ, "ಇದರಲ್ಲಿ ಮೀಸೆ ಇದೆಯಲ್ಲ?" ಎಂದ. ಚಿಗುರುಮೀಸೆ ಸಂದಿನಲ್ಲಿ ನುಸುಳಿ ಮೆಟ್ಟಿಲೇರಿದ. ಗಡಿಯಾರ ನಾಲ್ಕು ಹೊಡೆಯುವಾಗ ಸುಣ್ಣ ಬಳಿದಂಥ ಮುಖ, ಕೆಂಪಗೆ ಊದಿದ ತುಟಿ ಹೊತ್ತು ಮೇಷ್ಟ್ರ ಮುಂದೆ ನಿಂತಿದ್ದ.

ಮೇಷ್ಟ್ರು ಅವನನ್ನು ನೋಡಿ ಬೆಚ್ಚಿದರು. ರೆಕಾರ್ಡು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದರು. ಕಿತ್ತಳೆ ಹಣ್ಣಿನ ಮಾತು ಬಂದಾಗ ಕಣ್ಣೊರೆಸಿಕೊಂಡರು.

"ಭೇಷ್ ಕಣಯ್ಯಾ! ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ. ಎಲ್ಲೂ ಮಧ್ಯೆ ಬಾಯಿ ಹಾಕಿಲ್ಲ. ಆದ್ರೆ ಮುಖ್ಯವಾದ ಪ್ರಶ್ನೆನೇ ಇಲ್ವಲ್ಲ? ಸದ್ಯಕ್ಕೆ ಯಾವ ಕೆಲಸ ಮಾಡ್ತಿದಾರೆ, ಯಾರಿಗೋಸ್ಕರ? ಅದಿಲ್ದೆ ಪಾಸ್ ಮಾಡೋಕಾಗಲ್ಲ. ಈಗ್ಲೇ ಫೋನ್ ಮಾಡಿ ಕೇಳು, ಸ್ಪೀಕರ್ ಹಾಕು."

ಬೊಂಬೆಯಮ್ಮನ ನಂಬರ್ ಒತ್ತಿದ. "ಅಮ್ಮಾ, ಆ ಕೈಯೆತ್ತಿರೋ ಬೊಂಬೆ ಯಾರಿಗೆ?"

"ಅದಾ? ಟೈರ್ ಅಂಗಡಿಗಪ್ಪ!" ಬೊಂಬೆಯಮ್ಮನ ದನಿ ಕೋಣೆ ತುಂಬಿತು. "ಓನರ್ರಿಗೆ ಹೆಂಡತಿ ತಮ್ಮ ಒಬ್ಬ ಇದಾನಂತೆ, ದಂಡಪಿಂಡ. ಅಂಗಡಿ ಮುಂದೆ ನಿಲ್ಲು ಅಂದ್ರೆ ಒಲ್ಲೆ ಅಂತಾನಂತೆ. ಬೊಂಬೆ ಆದ್ರೆ ಮೂಗು ಮುರಿಯಲ್ಲ, ಊಟನೂ ಕೇಳಲ್ಲ, ಟೈರು ಎತ್ಕೊಂಡು ಹಗಲೂ ರಾತ್ರಿ ನಿಂತಿರತ್ತೆ ಅಂತ ಮಾಡಿಸ್ತಿದಾರೆ. ಈಗ ಬಂದಿದ್ರು, ಅಚ್ಚಲ್ಲಿ ಮೂಡಿದ ನಿನ್ನ ಮುಖ ನೋಡಿ ಕುಣಿದಾಡಿಬಿಟ್ರು. ಥೇಟ್ ಅವನೇ, ಅವನೇ ಅಂತ! ಹ್ಞಾಂ, ನಿನ್ನ ಮೀಸೆ ಚಿಂತೆ ಬಿಡು ಮಗಾ. ಅದನ್ನ ಬೊಂಬೆಗೇ ಅಂಟಿಸ್ತೀನಿ. ಮಳೆ ಗಾಳಿಗೂ ಜಪ್ಪಯ್ಯ ಅನ್ನಲ್ಲ."

ಚಿಗುರುಮೀಸೆ ಬರಿಯ ತುಟಿ ಮುಟ್ಟಿಕೊಂಡು ಕುರ್ಚಿಗೆ ಕುಸಿದ. ಮೇಷ್ಟ್ರು ಸಂತೋಷದಿಂದ ಪಾಸೆಂದು ಬರೆದು ಸಹಿ ಹಾಕಿದರು.

"ಒಳ್ಳೇದಾಯ್ತು ಕಣಯ್ಯಾ. ನನ್ನ ಸ್ಕೂಟರಿಂದೂ ಟೈರು ಸವೆದಿದೆ. ನಾಳೆ ಆ ಕಡೆ ಬಂದ್ರೆ ಅಂಗಡಿ ಹುಡುಕೋ ಕಷ್ಟ ಇಲ್ಲ, ದೂರದಿಂದ್ಲೇ ನೀನು ಕಾಣಿಸ್ತೀಯ."