ಉಳಿದೆಲ್ಲ ಸ್ಥಿರವಾಗಿದ್ದರೆ

ಗಣಿತಕ್ಕೆ ಹೆದರಿ ಊರು ಬಿಟ್ಟವರನ್ನು ನಾನು ಕಂಡಿಲ್ಲ. ಗಣಿತಕ್ಕೆ ಹೆದರಿ ದಾರಿ ಬದಲಿಸಿದವರು ಮಾತ್ರ ಮನೆಗೊಬ್ಬರು ಸಿಗುತ್ತಾರೆ, ನಮ್ಮ ಮನೆಯ ಪಾಲಿಗೆ ಅದು ನಾನು. ಎಸ್ಸೆಸ್ಸೆಲ್ಸಿಯಲ್ಲಿ ಹೇಗೋ ದಡ ಸೇರಿದವಳು, ಇನ್ನು ಈ ಜನ್ಮದಲ್ಲಿ ಅದರ ಮುಖ ನೋಡುವುದಿಲ್ಲವೆಂದು ಆರ್ಟ್ಸ್ ತೆಗೆದುಕೊಂಡೆ, ಬಿ.ಎ. ಮಾಡಿದೆ, ಹೊನ್ನಾವರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಅಕ್ಕೋರಾಗಿ ಸುಖವಾಗಿದ್ದೆ. ಸುಖವಾಗಿರುವವರನ್ನು ಸುಮ್ಮನೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ‘ಎಂ.ಎ. ಒಂದು ಮಾಡ್ಕಂಡ್ರೆ ಕಾಲೇಜಿಗೆ ಪ್ರಮೋಷನ್ ಸಿಗ್ತದೆ ಅಕ್ಕೋರೆ’ ಎಂದು ಸಹೋದ್ಯೋಗಿಯೊಬ್ಬರು ಕಿವಿಯಲ್ಲಿ ಹುಳ ಬಿಟ್ಟರು. ಯಾವ ವಿಷಯ? ಇತಿಹಾಸವೆಂದರೆ ಇಸವಿಗಳ ಕಾಟ. ಅರ್ಥಶಾಸ್ತ್ರವೆಂದರೆ ಬಡತನ, ನಿರುದ್ಯೋಗ, ಬೆಲೆ ಏರಿಕೆ. ಎಲ್ಲ ಮನೆಯಲ್ಲೇ ಕಂಡದ್ದು. ನಲವತ್ತೈದರ ವಯಸ್ಸಿನಲ್ಲಿ ದೂರಶಿಕ್ಷಣಕ್ಕೆ ಹೆಸರು ಹಚ್ಚಿದೆ. ಪುಸ್ತಕದ ಕಟ್ಟು ಬಂತು, ಬಿಚ್ಚಿದೆ. ಎಲ್ಲದರ ಮೇಲೆ ಕೂತಿದ್ದದ್ದು ‘ಅರ್ಥಶಾಸ್ತ್ರಕ್ಕೆ ಗಣಿತದ ತಳಹದಿ’. ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಎಂಬ ಗಾದೆಯನ್ನು, ಕನ್ನಡದ ಪಿರಿಯಡ್ಡು ನನ್ನ ಪಾಲಿಗೆ ಬಂದಾಗ, ಮಕ್ಕಳಿಗೆ ಎಷ್ಟೋ ಸಲ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೆ. ಅರ್ಥವಾದದ್ದು ಅಂದು.

ಮೊದಲ ವರ್ಷದ ಉಳಿದ ಪೇಪರುಗಳೆಲ್ಲ ಪಾಸಾದವು. ಗಣಿತ ಎರಡು ಸಲ ಹೋಯಿತು. ಅಂದರೆ ನನ್ನ ಮನೆಗೆ ಮಹಡಿ, ಮಾಡು, ಕಿಟಕಿ ಎಲ್ಲ ಆಗಿದೆ, ತಳಹದಿ ಒಂದೇ ಬಾಕಿ. ಮೂರನೆಯ ಸಲವೂ ಹೋದರೆ ಮೊದಲ ವರ್ಷ ದಾಟಲು ವಿಶ್ವವಿದ್ಯಾಲಯ ಕೊಟ್ಟ ಅವಧಿ ಮುಗಿದು, ಕಟ್ಟಿದ್ದೆಲ್ಲ ನೆಲಕ್ಕೆ. ಶಾಲೆಯ ಗಣಿತದ ಮಾಸ್ತರು ಬಿಡುವಿನ ಪಿರಿಯಡ್ಡಿನಲ್ಲಿ ನನ್ನನ್ನು ಎದುರು ಕೂರಿಸಿಕೊಂಡು ಕಲಿಸಲು ನೋಡಿದರು. ಅವರು ಒಳ್ಳೆಯವರು, ಅದೇ ತೊಂದರೆ. ನನಗೆ ಅರ್ಥವಾಗದಿದ್ದಾಗಲೆಲ್ಲ ಅವರ ಮುಖವೇ ಬಾಡುತ್ತಿತ್ತು, ಅದನ್ನು ನೋಡಲಾರದೆ ನಾನು ಅರ್ಥವಾದವಳಂತೆ ತಲೆಯಾಡಿಸಿಬಿಡುತ್ತಿದ್ದೆ.

ನನ್ನ ಬಂಡಿ ಹೂತದ್ದು ಪಾರ್ಶಿಯಲ್ ಡೆರಿವೇಟಿವ್ ಎಂಬಲ್ಲಿ. ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆಂದು ಹೇಳುವ ಸಾದಾ ಡೆರಿವೇಟಿವ್‌ಗೆ ಬರೆಯುವ ಇಂಗ್ಲಿಷಿನ ಡಿ ನೆಟ್ಟಗೆ ನಿಂತಿರುತ್ತದೆ. ಪಾರ್ಶಿಯಲ್‌ಗೆ ಬರೆಯುವ ಡಿ ಬೆನ್ನು ಬಗ್ಗಿಸಿ, ಕತ್ತು ಇಳಿಬಿಟ್ಟಿರುತ್ತದೆ. ಸಂಜೆ ಬಸ್ಸಿಳಿದು ಚೀಲ ಹೊತ್ತು ಮನೆಯ ಗುಡ್ಡ ಹತ್ತುವ ನನ್ನನ್ನು ಯಾರೋ ನೋಡಿ ಬರೆದ ಹಾಗಿದೆ. ಮಾಸ್ತರು ಮೀನಿನ ಮೂಲಕ ವಿವರಿಸಿದರು. ‘ನೋಡಿ ಅಕ್ಕೋರೆ, ನೀವು ಎಷ್ಟು ಬಂಗಡೆ ತಕಂತೀರಿ ಅನ್ನೂದು ಬಂಗಡೆ ದರದ ಮೇಲೆ ಅದೆ, ತಾರ್ಲೆ ದರದ ಮೇಲೆ ಅದೆ, ಮನೆಗೆ ಬರೂ ಪಗಾರದ ಮೇಲೂ ಅದೆ. ಈಗ ಬಂಗಡೆ ದರ ಒಂದೇ ಬದಲಾಗ್ಲಿ, ಉಳಿದದ್ದೆಲ್ಲ ಸ್ಥಿರ ಅಂತ ಹಿಡೀರಿ. ಆತು, ಅಷ್ಟೇಯ.’

ಅಷ್ಟೇಯಂತೆ! ನಮ್ಮ ಮನೆಗೆ ಒಂದು ದಿನ ಬಂದು ನೋಡಲಿ. ಬಂಗಡೆ ಅಗ್ಗವಾದ ದಿನ ಸಂಕಷ್ಟಿ ಇರುತ್ತದೆ. ಸಂಕಷ್ಟಿ ಇಲ್ಲದ ದಿನ ಇಡಗುಂಜಿಗೆ ಹೊರಟ ನೆಂಟರು ಊಟಕ್ಕೆ ಇಳಿಯುತ್ತಾರೆ, ದೇವಸ್ಥಾನಕ್ಕೆ ಹೋಗುವವರಿಗೆ ಮೀನು ಬಡಿಸಲಾದೀತೇ? ನೆಂಟರೂ ಇಲ್ಲದ ದಿನ ಭಟ್ಕಳದ ಆಫೀಸಿನಿಂದ ಗಂಡ ಫೋನು ಮಾಡಿ, ‘ಹೊಟ್ಟೆ ಸಮ ಇಲ್ಲ, ಗಂಜಿ ಸಾಕು’ ಎನ್ನುತ್ತಾರೆ. ಸ್ಥಿರ ಎಂಬ ವಸ್ತು ನಮ್ಮ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಪುಸ್ತಕ ಬಿಚ್ಚಿದರೆ ಕುಕ್ಕರು ಕೂಗುತ್ತದೆ, ಕುಕ್ಕರು ಇಳಿಸಿದರೆ ಪಿಯುಸಿ ಓದುವ ಮಗಳು ಕೂಗುತ್ತಾಳೆ. ಎಲ್ಲ ಮುಗಿಸಿ ಕೂತರೆ ಬೆನ್ನು ಬಗ್ಗಿದ ಆ ಡಿ, ‘ನೀನೂ ಬಂದೆಯಾ’ ಎನ್ನುವಂತೆ ನೋಡುತ್ತದೆ. ನಿಜ ಹೇಳಬೇಕೆಂದರೆ ನನಗೆ ಗಣಿತದ ಭಯ ಯಾವಾಗಲೋ ಹೋಗಿತ್ತು. ಉಳಿದದ್ದು ದಣಿವು.

ಒಂದು ದಿನ ಊಟ ಮಾಡುತ್ತ ಇದನ್ನೆಲ್ಲ ಅತ್ತೆಯ ಮುಂದೆ ತೋಡಿಕೊಂಡೆ. ‘ಒಂದೇ ಅಲ್ಲಾಡ್ಬೇಕು ಅತ್ತೆ, ಉಳಿದದ್ದೆಲ್ಲ ಗಟ್ಟಿ ಕೂತಿರ್ಬೇಕು. ಅದೇ ಲೆಕ್ಕ.’ ಅತ್ತೆ ಮಜ್ಜಿಗೆ ಸುರಿದುಕೊಂಡು, ‘ಹಂಗಾರೆ ಈ ಮನೆಯಲ್ಲಿ ಆ ಲೆಕ್ಕ ಆಗೂದಲ್ಲ ಬಿಡು’ ಎಂದರು. ಮಾತು ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಪರೀಕ್ಷೆ ಕುಮಟಾದಲ್ಲಿ, ಸೋಮವಾರ. ಹಿಂದಿನ ಭಾನುವಾರ ಬೆಳಿಗ್ಗೆ ದೋಸೆ ಮುಗಿದದ್ದೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಮಗನನ್ನೂ ಮೊಮ್ಮಗಳನ್ನೂ ಹಳದೀಪುರದ ಅತ್ತಿಗೆಯ ಮನೆಗೆ ಕಳಿಸಿದರು. ನನ್ನ ಫೋನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನನ್ನು ಒಳಕೋಣೆಗೆ ನೂಕಿ, ‘ಅಡುಗೆ ನಾ ಮಾಡ್ತೆ. ಇವತ್ತು ಎಂತದೂ ಅಲ್ಲಾಡೂದಲ್ಲ. ಓದು’ ಎಂದು ಕದ ಎಳೆದುಕೊಂಡು ಜಗಲಿಯಲ್ಲಿ ಕಾವಲು ಕೂತರು. ಮೀನಿನವಳು ಬಂದದ್ದು ಕೇಳಿಸಿತು. ‘ಇವತ್ತು ಬ್ಯಾಡ, ಅಕ್ಕೋರು ಓದ್ತರು’ ಎಂದದ್ದೂ ಕೇಳಿಸಿತು. ಆಮೇಲೆ ಮನೆ ಎಷ್ಟು ಸುಮ್ಮನಾಯಿತೆಂದರೆ, ಬಾವಿಕಟ್ಟೆಯ ಕೊಡದಿಂದ ನೀರು ತೊಟ್ಟಿಕ್ಕುವುದು ಕೂಡ ಕಿವಿಗೆ ಬೀಳುತ್ತಿತ್ತು. ಮದುವೆಯಾದ ಮೇಲೆ ಮೊದಲ ಸಲ ಉಳಿದೆಲ್ಲ ಸ್ಥಿರವಾಗಿತ್ತು. ಪುಸ್ತಕ ತೆರೆದೆ. ಮೊದಲ ನಿಯಮ: ಸ್ಥಿರಾಂಕದ ಡೆರಿವೇಟಿವ್ ಸೊನ್ನೆ. ಆಹಾ, ಎಷ್ಟು ಸುಲಭ ಎಂದು ಗೋಡೆಗೆ ಒರಗಿದೆ.

ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯ ಆಚೆ ಬದಿಗೆ ಹೋಗಿತ್ತು. ಕೆನ್ನೆಗೆ ಪುಸ್ತಕ ಅಂಟಿತ್ತು. ಮೇಲೆ ಹೊದಿಕೆಯೊಂದಿತ್ತು, ನಾನೇ ಎಳೆದುಕೊಂಡೆನೇನೋ ಅಂದುಕೊಂಡೆ. ಅಲ್ಲಾಡಲೇಬೇಕಿದ್ದದ್ದು ಆ ದಿನ ಆ ಮನೆಯಲ್ಲಿ ಒಂದೇ ಒಂದು ವಸ್ತು, ಅದು ಮರದ ದಿಮ್ಮಿಯಂತೆ ಬಿದ್ದಿತ್ತು. ಕದ ತೆಗೆದು ಹೊರಗೆ ಬಂದೆ. ಅತ್ತೆ ಚಹಾ ಕೊಟ್ಟು, ‘ಆತಾ?’ ಎಂದರು. ಜಗಲಿಯಲ್ಲಿ ಇಡೀ ದಿನ ಕೂತು ಸೊಂಟ ಹಿಡಿದುಕೊಂಡ ಆ ಮುದುಕಿಗೆ ಇಲ್ಲವೆಂದು ಹೇಗೆ ಹೇಳುವುದು? ‘ಆತು ಅತ್ತೆ’ ಎಂದೆ.

ಮರುದಿನ ಕುಮಟಾದ ಬಸ್ಸಿನಲ್ಲಿ ನಿಂತೇ ಹೋದೆ. ತಲೆ ಮಾತ್ರ ತೊಳೆದಿಟ್ಟ ಹಂಡೆಯಂತೆ ಹಗುರವಾಗಿತ್ತು. ಪ್ರಶ್ನೆಪತ್ರಿಕೆ ನೋಡಿದರೆ ಬೆನ್ನು ಬಗ್ಗಿದ ಡಿ ಅಲ್ಲೂ ಕಾದಿತ್ತು. ಈ ಸಲ ನನಗೆ ನಿದ್ದೆಯೂ ಬರಲಿಲ್ಲ, ಅಳುವೂ ಬರಲಿಲ್ಲ. ಬಂಗಡೆ ದರ ಬದಲಾಗಲಿ, ತಾರ್ಲೆ ಬುಟ್ಟಿಯಲ್ಲೇ ಇರಲಿ, ಪಗಾರ ಇದ್ದಲ್ಲೇ ಇರಲಿ ಎಂದು ಮಾಸ್ತರ ಮುಖ ನೆನೆದು ಒಂದೊಂದೇ ಮಾಡುತ್ತ ಹೋದೆ. ಫಲಿತಾಂಶ ಬಂತು. ಪಾಸು! ಅಂಚಿಗೆ ಕಾಲು ತಾಗಿಸಿಕೊಂಡೇ ದಾಟಿದ್ದೆ, ಆದರೂ ಪಾಸು.

ಅತ್ತೆಗೆ ಸಕ್ಕರೆ ಕೊಟ್ಟು ಕಾಲು ಮುಟ್ಟಿದೆ. ಮನಸ್ಸು ತಡೆಯದೆ, ‘ಅವತ್ತು ನಾ ಓದಲೇ ಇಲ್ಲ ಅತ್ತೆ’ ಎಂದುಬಿಟ್ಟೆ. ಅವರು ಸಕ್ಕರೆ ಚಪ್ಪರಿಸುತ್ತ ನಕ್ಕರು. ‘ಗೊತ್ತದೆ. ನಿನ್ನ ಗೊರಕೆ ಜಗಲಿಗೆ ಕೇಳ್ತಿತ್ತು. ಹೊದಿಸಿದ್ದು ಯಾರು ಅಂದ್ಕಂಡಿದ್ದೆ?’

‘ಎಬ್ಬಿಸಬಹುದಿತ್ತಲ್ಲ!’

‘ಎಂತಕ್ಕೆ ಎಬ್ಬಿಸೂದು? ಈ ಮನೆಗೆ ಬಂದ ಮೇಲೆ ನೀ ಹಗಲು ಮಲಗಿದ್ದು ನಾ ನೋಡಿದ್ದೇ ಇಲ್ಲಾಗಿತ್ತು.’

ನನ್ನ ಕಣ್ಣು ತುಂಬಿಬಂತು. ಇಷ್ಟು ವರ್ಷ ನಾನು ದಣಿದದ್ದನ್ನು ಯಾರೂ ನೋಡಿಲ್ಲವೆಂದೇ ನಂಬಿದ್ದೆ.

ಈಗ ಕೊನೆಯ ವರ್ಷದ ಸಂಖ್ಯಾಶಾಸ್ತ್ರ ಬಂದಿದೆ. ಪರೀಕ್ಷೆ ಹತ್ತಿರವಾಗುತ್ತಿದೆ, ಪುಸ್ತಕದ ಹಾಳೆಗಳು ಇನ್ನೂ ಹೊಸ ವಾಸನೆ ಬಿಟ್ಟಿಲ್ಲ. ನಿನ್ನೆ ಅತ್ತೆ ಜಗಲಿಯಿಂದಲೇ ಕೇಳಿದರು: ‘ಈ ಭಾನುವಾರ ಕದ ಹಾಕೂದು ಓದೂಕೋ, ಮಲಗೂಕೋ? ಮೊದಲೇ ಹೇಳು, ಮಲಗೂದಾದ್ರೆ ಚಾಪೆ ಹಾಸಿಡ್ತೆ.’ ‘ಓದೂಕೆ!’ ಎಂದು ಗಟ್ಟಿಯಾಗಿ ಕೂಗಿದೆ. ಆಮೇಲೆ ಒಳಗೆ ಹೋಗಿ, ಚಾಪೆಯನ್ನು ನಾನೇ ಕೊಡವಿ ಹಾಸಿಟ್ಟು ಬಂದೆ.